ಶಿರಸಿ ಮದುವೆಗೆ ಬಂದವರು ಊರು ನೋಡಲು ಹೊರಡುವ ಮುಂಚೆ ಕೇಳುವ ಪ್ರಶ್ನೆಗಳು

ನಮ್ಮ ಮನೆಯದಿರಲಿ, ನೆಂಟರ ಮನೆಯದಿರಲಿ, ಮದುವೆ ಅಂದ ಕೂಡಲೇ ಹೊರಊರಿನವರ ಫೋನ್ ಎತ್ತುವ ಕೆಲಸ ಹೇಗೋ ನನ್ನ ಕೊರಳಿಗೇ ಬೀಳುತ್ತದೆ. ವರ್ಷ ಬದಲಾದರೂ ಪ್ರಶ್ನೆಗಳು ಬದಲಾಗಿಲ್ಲ. ಹಾಗಾಗಿ ಫೋನಿನಲ್ಲಿ, ವಾಟ್ಸಾಪಿನಲ್ಲಿ, ಊಟದ ಪಂಕ್ತಿಯಲ್ಲಿ ಕೇಳಿದ್ದನ್ನೆಲ್ಲ ಒಂದು ಕಡೆ ಬರೆದಿಟ್ಟಿದ್ದೇನೆ. ಪೂರ್ತಿ ಓದುವಷ್ಟು ಪುರುಸೊತ್ತು ಇಲ್ಲದಿದ್ದರೆ ಇಷ್ಟು ನೆನಪಿಟ್ಟುಕೊಳ್ಳಿ: ಒಂದು ದಿನಕ್ಕೆ ಒಂದೇ ದಿಕ್ಕು. ಶಿರಸಿಯಿಂದ ಯಲ್ಲಾಪುರ ರಸ್ತೆ, ಬನವಾಸಿ ರಸ್ತೆ, ಸಿದ್ದಾಪುರ ರಸ್ತೆ, ಕುಮಟಾ ರಸ್ತೆ ಅಂತ ನಾಲ್ಕು ಕಡೆ ನೋಡುವ ಜಾಗಗಳಿವೆ. ಒಂದು ಹಿಡಿದರೆ ಇನ್ನೊಂದನ್ನು ಅವತ್ತಿಗೆ ಬಿಟ್ಟುಬಿಡಿ.

## ಬರುವ ಮುಂಚೆ

ಬೆಂಗಳೂರಿಂದ ಶಿರಸಿಗೆ ಟ್ರೇನ್ ಇದೆಯಾ?

ಇಲ್ಲ. ರಾತ್ರಿ ಬಸ್ಸೇ ಸುಲಭ. ಸುಮಾರು 400 ಕಿ.ಮೀ. ದಾರಿ, ರಾತ್ರಿ ಹತ್ತಿದರೆ ಬೆಳಗಿನ ಹೊತ್ತಿಗೆ ಶಿರಸಿ. ರೈಲೇ ಬೇಕು ಅನ್ನುವವರು ತಾಳಗುಪ್ಪಕ್ಕೆ ಬಂದು ಅಲ್ಲಿಂದ 55 ಕಿ.ಮೀ. ಆಸುಪಾಸು ರಸ್ತೆಯಲ್ಲಿ ಬರಬೇಕು. ಹಾವೇರಿಯಲ್ಲಿ ಇಳಿದರೂ ಆಗುತ್ತದೆ, ದಾರಿ ಸ್ವಲ್ಪ ಜಾಸ್ತಿ. ಮಂಗಳೂರು, ಮುಂಬೈ ಕಡೆಯವರಿಗೆ ಕೊಂಕಣ ರೈಲಿನ ಕುಮಟಾ ನಿಲ್ದಾಣ, ಅಲ್ಲಿಂದ ಘಟ್ಟ ಹತ್ತಿ 60 ಕಿ.ಮೀ. ವಿಮಾನದಲ್ಲಿ ಬರುವವರಿಗೆ ಹುಬ್ಬಳ್ಳಿ.

ಒಂದು ಸಣ್ಣ ವಿಷಯ. ಶಿರಸಿಯಲ್ಲಿ ಹಳೇ ಬಸ್‌ಸ್ಟ್ಯಾಂಡ್, ಹೊಸ ಬಸ್‌ಸ್ಟ್ಯಾಂಡ್ ಅಂತ ಎರಡಿವೆ. ಯಾವುದರಲ್ಲಿ ಇಳಿಯುತ್ತೀರಿ ಅಂತ ಕರೆಯಲು ಬರುವವರಿಗೆ ಮೊದಲೇ ಹೇಳಿ. ಬೆಳಗಿನ ಜಾವ ಒಬ್ಬರು ಅಲ್ಲಿ, ಇನ್ನೊಬ್ಬರು ಇಲ್ಲಿ ಕಾಯುವುದು ಪ್ರತಿ ಮದುವೆಯಲ್ಲೂ ನಡೆಯುತ್ತದೆ.

ಓಲಾ, ಊಬರ್ ಸಿಗುತ್ತಾ? ಇಲ್ಲಾ ಬಸ್ಸಲ್ಲೇ ತಿರುಗಬಹುದಾ?

ಆ್ಯಪ್ ನಂಬಿ ಕೂರಬೇಡಿ. ಊರೊಳಗೆ ಆಟೋ ಸಿಗುತ್ತದೆ. ಹೊರಗೆ ಹೋಗಲು ದಿನದ ಬಾಡಿಗೆಗೆ ಕಾರು ಮಾತಾಡಿಕೊಳ್ಳಬೇಕು, ಹತ್ತು ಹನ್ನೆರಡು ಜನ ಇದ್ದರೆ ಟಿಟಿ, ಅಂದರೆ ಟೆಂಪೋ ಟ್ರಾವೆಲರ್. ಮದುವೆ ಮನೆಯವರಿಗೆ ಎರಡು ದಿನ ಮುಂಚೆ ಹೇಳಿದರೆ ಅವರಿಗೆ ಗೊತ್ತಿರುವ ಡ್ರೈವರ್ ಸಿಗುತ್ತಾರೆ. ಮುಹೂರ್ತ ಜಾಸ್ತಿ ಇರುವ ವಾರದಲ್ಲಿ ಹಿಂದಿನ ರಾತ್ರಿ ಕೇಳಿದರೆ ಇಡೀ ಊರಿನ ಗಾಡಿ ಯಾವುದೋ ದಿಬ್ಬಣಕ್ಕೆ ಹೋಗಿರುತ್ತದೆ.

ಬಸ್ಸಿಗೆ ಬನವಾಸಿ ಸುಲಭ. ಸಿದ್ದಾಪುರ, ಕುಮಟಾ, ಯಲ್ಲಾಪುರಕ್ಕೂ ಬಸ್ಸಿವೆ, ಆದರೆ ನೋಡುವ ಜಾಗಗಳು ಮುಖ್ಯ ರಸ್ತೆಯಿಂದ ಒಳಗಿವೆ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಇಟ್ಟುಕೊಂಡರೆ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸು ಪುಕ್ಕಟೆ, 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆಯಲ್ಲ. ಪುಣೆ ಅತ್ತಿಗೆಗೆ ಮಾತ್ರ ಟಿಕೆಟ್ ತೆಗೆಯಲೇಬೇಕು.

ಮದುವೆ ಯಾವ ತಿಂಗಳಲ್ಲಿದ್ದರೂ ನೋಡೋ ಜಾಗ ಅವೇ ಅಲ್ವಾ?

ಅಲ್ಲ. ಎಲ್ಲರೂ ಎಡವುವುದು ಇಲ್ಲೇ. ಫೋಟೋದಲ್ಲಿ ನೋಡಿದ ಜಲಪಾತ ಆಗಸ್ಟ್ ತಿಂಗಳದ್ದು, ನೀವು ಬರುವುದು ಏಪ್ರಿಲ್‌ನಲ್ಲಿ.

ನವೆಂಬರ್‌ನಿಂದ ಜನವರಿ ಒಳ್ಳೆಯ ಕಾಲ. ಹೊಳೆಯಲ್ಲಿ ನೀರಿರುತ್ತದೆ, ರಸ್ತೆ ಒಣಗಿರುತ್ತದೆ, ಬೆಳಿಗ್ಗೆ ಮಂಜು. ಜನವರಿ, ಫೆಬ್ರವರಿ ಹೊತ್ತಿಗೆ ಹಳ್ಳಿಗಳಲ್ಲಿ ಆಲೆಮನೆ. ಕಬ್ಬಿನ ಹಾಲು, ಬಿಸಿ ನೊರೆಬೆಲ್ಲ ಸಿಗುತ್ತದೆ ಅಂದರೆ ಬಾಕಿ ಎಲ್ಲ ಬಿಟ್ಟು ಹೋಗಿ. ಮಾರ್ಚ್ ದಾಟಿತೋ ಜೋಗವೂ ಗೆರೆ ಎಳೆದ ಹಾಗೆ. ಆಗ ಬನವಾಸಿ, ಸೋಂದಾ, ಸಹಸ್ರಲಿಂಗ, ಯಾಣ ನೋಡಿ, ಹಲಸಿನ ಹಣ್ಣು ತಿನ್ನಿ. ಮಳೆಗಾಲದಲ್ಲಿ ಮದುವೆ ಕಡಿಮೆ. ಇದ್ದರೆ ಕೊಡೆ ಜೊತೆ ಧೈರ್ಯವನ್ನೂ ತನ್ನಿ.

## ಅರ್ಧ ದಿನ ಸಿಕ್ಕರೆ

ಊರು ಬಿಟ್ಟು ಹೋಗೋಕೆ ಟೈಮಿಲ್ಲ. ಶಿರಸಿ ಒಳಗೇ ಏನಾದ್ರೂ ಇದೆಯಾ?

ಮಾರಿಕಾಂಬಾ ದೇವಸ್ಥಾನ. 1688ರಲ್ಲಿ ಕಟ್ಟಿದ್ದು. ಎಂಟು ಕೈಗಳ, ಏಳು ಅಡಿ ಎತ್ತರದ ಕೆಂಪು ಬಣ್ಣದ ಮರದ ಮೂರ್ತಿ. ದೇವರಿಗೆ ಕೈಮುಗಿದು ಹಾಗೇ ಹೊರಟುಬಿಡಬೇಡಿ, ಗೋಡೆಗಳ ಮೇಲಿನ ಕಾವಿ ಚಿತ್ರ ನೋಡಿ. ಬಿಳಿ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣದಲ್ಲಿ ಬರೆಯುವ ಈ ಕಲೆ ಕರಾವಳಿ ಕಡೆಯದು. ಈ ದೇವಸ್ಥಾನದಲ್ಲಿ ಹಿಂದೆ ಕೋಣ ಬಲಿ ಇತ್ತು. 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದಾಗ ಅದೇ ಕಾರಣಕ್ಕೆ ಒಳಗೆ ಬರಲು ಒಪ್ಪಲಿಲ್ಲ, ಆಮೇಲೆ ಊರಿನವರೇ ಓಡಾಡಿ ಬಲಿ ನಿಲ್ಲಿಸಿದರು.

ಜಾತ್ರೆ ಎರಡು ವರ್ಷಕ್ಕೊಮ್ಮೆ, ಫೆಬ್ರವರಿ ಇಲ್ಲವೇ ಮಾರ್ಚ್‌ನಲ್ಲಿ. ಮೊದಲು ದೇವಿಗೇ ಮದುವೆ. ಆಮೇಲೆ ರಥ ಏರಿ ಬಿಡ್ಕಿ ಬಯಲಿಗೆ ಬರುತ್ತಾಳೆ. ಜಾತ್ರೆ ಮುಗಿದ ಮೇಲೆ ಯುಗಾದಿವರೆಗೆ ದೇವಸ್ಥಾನದಲ್ಲಿ ದರ್ಶನ ಇರುವುದಿಲ್ಲ. ಆ ನಡುವೆ ಬರುವವರು ಇದನ್ನು ಗೊತ್ತಿಟ್ಟುಕೊಳ್ಳಿ.

ಮದುವೆ ಊಟ ಆದ ಮೇಲೆ ಸಂಜೆವರೆಗೆ ಏನು ಮಾಡೋದು? ಸುಮ್ನೆ ಕೂತ್ಕೊಂಡು ಬೋರ್ ಆಗುತ್ತೆ.

ಯಲ್ಲಾಪುರ ರಸ್ತೆ ಹಿಡಿಯಿರಿ. ಸಹಸ್ರಲಿಂಗ 15 ಕಿ.ಮೀ. ಚಿಲ್ಲರೆ, ಸೋಂದಾ ಇನ್ನೊಂದು ನಾಲ್ಕೈದು ಕಿ.ಮೀ. ಮುಂದೆ. ಎರಡನ್ನೂ ಒಂದೇ ಸಂಜೆ ನೋಡಿ ಬರಬಹುದು.

ಸಹಸ್ರಲಿಂಗ ಅಂದರೆ ದೇವಸ್ಥಾನ ಅಂದುಕೊಂಡು ಬರುತ್ತಾರೆ. ಅಲ್ಲಿ ಗುಡಿಗೋಪುರ ಏನೂ ಇಲ್ಲ, ಕಾಡಿನ ನಡುವೆ ಶಾಲ್ಮಲಾ ಹೊಳೆ ಅಷ್ಟೇ. ಹೊಳೆಯ ಬಂಡೆಗಳ ಮೇಲೇ ಲಿಂಗ ಕೆತ್ತಿದ್ದಾರೆ, ಎದುರಿಗೊಂದು ನಂದಿ. ಒಂದು ಬಂಡೆಗೆ ಒಂದು, ಇನ್ನೊಂದಕ್ಕೆ ನಾಲ್ಕು, ಕೆಲವು ನೀರಿನಲ್ಲಿ ಅರ್ಧ ಮುಳುಗಿರುತ್ತವೆ, ಕೆಲವು ಸವೆದು ಬರೀ ಉಬ್ಬಿನ ಹಾಗೆ ಕಾಣುತ್ತವೆ. ಸೋದೆಯ (ಸೋಂದಾಕ್ಕೇ ಇನ್ನೊಂದು ಹೆಸರು) ಅರಸು ಸದಾಶಿವರಾಯನ ಕಾಲದ್ದು, ಅಂದರೆ 1678ರಿಂದ 1718ರ ನಡುವಿನದು. ನೀರು ಇಳಿದಷ್ಟೂ ಲಿಂಗ ಜಾಸ್ತಿ ಕಾಣುತ್ತವೆ, ಹಾಗಾಗಿ ಇದು ಬೇಸಿಗೆಯ ಮದುವೆಯವರಿಗೆ ಹೇಳಿ ಮಾಡಿಸಿದ ಜಾಗ. ಪಾಚಿ ಕಟ್ಟಿದ ಕಲ್ಲು ಜಾರುತ್ತದೆ. ರೇಷ್ಮೆ ಸೀರೆ, ಹೀಲ್ಸ್ ಚಪ್ಪಲಿಯಲ್ಲಿ ಬಂದು ಫೋಟೋಕ್ಕೆ ಅಂತ ಬಂಡೆಯಿಂದ ಬಂಡೆಗೆ ಜಿಗಿದವರನ್ನು ನಾನೇ ಎತ್ತಿ ಕೂರಿಸಿದ್ದೇನೆ. ಬಟ್ಟೆ ಬದಲಿಸಿಕೊಂಡೇ ಹೊರಡಿ. ಮಳೆಗಾಲದಲ್ಲಿ ನೀರಿಗೆ ಇಳಿಯುವ ಮಾತೇ ಬೇಡ.

ಸೋಂದಾದಲ್ಲಿ ವಾದಿರಾಜ ಮಠ. ವಾದಿರಾಜರ ಬೃಂದಾವನ, ರಮಾ ತ್ರಿವಿಕ್ರಮ ದೇವಸ್ಥಾನ, ಧವಳಗಂಗಾ ಕೆರೆ ಎಲ್ಲ ಒಂದೇ ಆವರಣದಲ್ಲಿವೆ. ವಾದಿರಾಜರು 120 ವರ್ಷ ಬದುಕಿದ್ದರು ಅಂತ ನಂಬಿಕೆ. ಇದೇ ಸೋಂದಾದಲ್ಲಿ ಸ್ವಾದಿ ಜೈನ ಮಠವೂ ಇದೆ, ಸ್ವರ್ಣವಲ್ಲಿ ಮಠವೂ ಹತ್ತಿರ. ಒಂದು ಸಣ್ಣ ರಾಜಮನೆತನದ ಊರಿನಲ್ಲಿ ಮೂರು ಮಠ ಹೇಗೆ ಬಂದವು ಅಂತ ಕೇಳಿದರೆ ಅಲ್ಲಿನ ಯಾರಾದರೂ ಹಿರಿಯರು ಒಂದು ತಾಸು ಕಥೆ ಹೇಳುತ್ತಾರೆ. ಮಾರನೆ ದಿನ ಬೆಳಿಗ್ಗೆ ಹೋಗುವವರಾದರೆ ಮಧ್ಯಾಹ್ನದ ಪ್ರಸಾದದ ಊಟಕ್ಕೆ ಕೂರಿ.

ಅಮ್ಮನಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತೋಕಾಗಲ್ಲ. ಅವರನ್ನ ಎಲ್ಲಿಗೆ ಕರ್ಕೊಂಡು ಹೋಗಲಿ?

ಬನವಾಸಿ. ಶಿರಸಿಯಿಂದ 24 ಕಿ.ಮೀ. ಹೆಚ್ಚುಕಮ್ಮಿ ಸಪಾಟು ದಾರಿ, ಗಾಡಿ ದೇವಸ್ಥಾನದ ಬಾಗಿಲಿಗೇ ಹೋಗುತ್ತದೆ. ನಾಲ್ಕನೇ ಶತಮಾನದಲ್ಲಿ ಕದಂಬರ ರಾಜಧಾನಿ. ಈಗ ವರದಾ ಹೊಳೆ ಸುತ್ತುವರಿದ ಒಂದು ಶಾಂತ ಊರು. ಮಧುಕೇಶ್ವರನ ಲಿಂಗಕ್ಕೆ ಜೇನಿನ ಬಣ್ಣ ಇದೆ, ಹೆಸರು ಬಂದದ್ದೇ ಹಾಗೆ. ಎದುರಿನ ನಂದಿಯನ್ನು ತೋರಿಸುವವರು, ಒಂದು ಕಣ್ಣು ಶಿವನ ಕಡೆ, ಇನ್ನೊಂದು ಪಾರ್ವತಿ ಕಡೆ ಅಂತ ಹೇಳುತ್ತಾರೆ. ಸುಳ್ಳೋ ನಿಜವೋ, ಒಮ್ಮೆ ಹೇಳಿದ ಮೇಲೆ ಹಾಗೇ ಕಾಣುತ್ತದೆ. ಆವರಣದ ಒಂದು ಕಡೆ ಕಲ್ಲಿನ ಮಂಚ ಇದೆ, ಮರದ ಕೆತ್ತನೆಗಿಂತ ನಾಜೂಕು. ಕಂಬಗಳು ಕನ್ನಡಿ ಹಾಗೆ ನುಣುಪು.

ಅಮ್ಮ ಒಂದು ಜಗಲಿ ಮೇಲೆ ಆರಾಮಾಗಿ ಕೂರಬಹುದು. ಬರುವಾಗ ರಸ್ತೆ ಬದಿಯಲ್ಲಿ ಅನಾನಸ್ ಸಿಗುತ್ತದೆ. ಬನವಾಸಿ ಸುತ್ತ ಹೊಲ ಹೊಲ ಅದೇ ಬೆಳೆ. ಉಪ್ಪು ಖಾರ ಹಚ್ಚಿಸಿಕೊಂಡು ಅಲ್ಲೇ ತಿನ್ನಿ, ನಾಲಿಗೆ ಕೆರೆತ ಕಡಿಮೆ.

ಅಡಿಕೆ ತೋಟ ಸುಮ್ನೆ ಒಳಗೆ ಹೋಗಿ ನೋಡಬಹುದಾ?

ಮದುವೆ ಮನೆಯವರದ್ದೇ ತೋಟ ಇರುತ್ತದೆ, ಕೇಳಿ. ಕೇಳದೆ ಬೇರೆಯವರ ದಣಪೆ, ಅಂದರೆ ತೋಟದ ಗೇಟು, ದಾಟಬೇಡಿ. ದಾಟಿದರೆ ಅದನ್ನು ಮೊದಲಿನ ಹಾಗೇ ಮುಚ್ಚಿ, ಇಲ್ಲದಿದ್ದರೆ ದನ ಒಳಗೆ ನುಗ್ಗುತ್ತದೆ.

ಚಳಿಗಾಲದಲ್ಲಿ ಬಂದರೆ ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವುದನ್ನು, ನೋಡಲೇಬೇಕು. ಗೊನೆ ಕೊಯ್ಯುವ ಕೊನೆಗೌಡ ಮರ ಹತ್ತಿದರೆ ಪ್ರತಿ ಮರಕ್ಕೂ ಇಳಿದು ಹತ್ತುವುದಿಲ್ಲ. ತುದಿಯಲ್ಲಿ ಕೂತು ಮರವನ್ನೇ ತೂಗಿ, ಬಗ್ಗಿದ ಕೂಡಲೇ ಪಕ್ಕದ ಮರಕ್ಕೆ ಕೈ ಹಾಕಿ ದಾಟಿಬಿಡುತ್ತಾನೆ. ಕೆಳಗೆ ನಿಂತ ನಮ್ಮ ಎದೆ ಹೊಡೆದುಕೊಳ್ಳುತ್ತದೆ, ಅವನು ಮೇಲಿಂದ ಯಾರದೋ ಮನೆಯ ಸುದ್ದಿ ಹೇಳುತ್ತಾ ಇರುತ್ತಾನೆ. ರಾತ್ರಿ ಅಂಗಳದಲ್ಲಿ ಅಡಿಕೆ ಸುಲಿಯಲು ಸಾಲಾಗಿ ಕೂರುತ್ತಾರೆ. ನೀವೂ ಮೆಟ್ಟುಗತ್ತಿ ಮುಂದೆ ಕೂತು ನೋಡಬಹುದು, ಹತ್ತು ಅಡಿಕೆ ಸುಲಿಯುವುದರೊಳಗೆ ಬೆರಳಿನ ಆಸೆ ಬಿಡುತ್ತೀರಿ. ಅಂಗಳದಲ್ಲಿ ಒಣಗಿಸಿದ ಅಡಿಕೆ ಮೇಲೆ ಮಾತ್ರ ಚಪ್ಪಲಿ ಕಾಲಿಡಬೇಡಿ. ಮನೆಯವರು ಬಾಯಿಬಿಟ್ಟು ಹೇಳುವುದಿಲ್ಲ, ಬೇಜಾರು ಮಾತ್ರ ಆಗುತ್ತದೆ.

## ಇಡೀ ದಿನ ಇದ್ದರೆ

ಜೋಗ, ಯಾಣ, ಗೋಕರ್ಣ ಮೂರೂ ಒಂದೇ ದಿನ ಮುಗಿಸೋಕಾಗಲ್ವಾ?

ಆಗಲ್ಲ. ಮ್ಯಾಪಿನಲ್ಲಿ ಹತ್ತಿರ ಕಾಣುತ್ತದೆ, ನಿಜ. ಜೋಗ ಶಿರಸಿಯಿಂದ 60 ಕಿ.ಮೀ. ಒಂದು ದಿಕ್ಕಿಗೆ, ಗೋಕರ್ಣ 80 ಕಿ.ಮೀ. ಮೇಲೆ ಇನ್ನೊಂದು ದಿಕ್ಕಿಗೆ, ಅದೂ ಘಟ್ಟ ಇಳಿದು. ಇಲ್ಲಿ ಕಿಲೋಮೀಟರ್ ಲೆಕ್ಕ ಹಾಕಬೇಡಿ, ತಿರುವಿನ ಲೆಕ್ಕ ಹಾಕಿ. 40 ಕಿ.ಮೀ.ಗೆ ಒಂದೂವರೆ ತಾಸು ಅಂತ ಹಿಡಿದರೆ ಮನಸ್ಸಿಗೆ ನೆಮ್ಮದಿ, ಹಿಂದಿನ ಸೀಟಿನ ಮಕ್ಕಳಿಗೆ ವಾಂತಿ ಆಗುವುದೂ ಕಡಿಮೆ. ಒಮ್ಮೆ ನಮ್ಮ ಕಡೆಯ ಮದುವೆಗೆ ಬಂದ ಒಂದು ಗುಂಪು ಹೀಗೇ ಮೂರಕ್ಕೂ ಹೊರಟಿತು. ಜೋಗ ಇಪ್ಪತ್ತು ನಿಮಿಷ ನೋಡಿ, ಯಾಣದ ಬುಡಕ್ಕೆ ಕತ್ತಲಾಗುವ ಹೊತ್ತಿಗೆ ಮುಟ್ಟಿ, ಬಂಡೆ ಕಾಣದೆ, ರಾತ್ರಿ ಹತ್ತಕ್ಕೆ ವಾಪಸ್ ಬಂದರು. ವಧೂಪ್ರವೇಶದ ಊಟವೂ ತಪ್ಪಿತು. ಅವತ್ತು ಬಡಿಸಿದ್ದ ಹೋಳಿಗೆಯ ಬಗ್ಗೆ ಇವತ್ತಿಗೂ ಅವರನ್ನು ಗೋಳು ಹೊಯ್ದುಕೊಳ್ಳುತ್ತೇವೆ.

ಯಾಣ ಅಂದ್ರೆ ಟ್ರೆಕ್ಕಿಂಗಾ? ಮಕ್ಕಳನ್ನ ಕರ್ಕೊಂಡು ಹೋಗಬಹುದಾ?

ಹೋಗಬಹುದು. ಹಿಂದೆ ಯಾಣ ಅಂದರೆ ಕಾಡಿನಲ್ಲಿ ದಿನಗಟ್ಟಲೆ ನಡಿಗೆ. ಸೊಕ್ಕಿದ್ದರೆ ಯಾಣ, ರೊಕ್ಕಿದ್ದರೆ ಗೋಕರ್ಣ ಅಂತ ಗಾದೆಯೇ ಇತ್ತು. ಗೋಕರ್ಣಕ್ಕೆ ಹೋಗಲು ದುಡ್ಡು ಬೇಕು, ಯಾಣಕ್ಕೆ ಹೋಗಲು ಮೈಯಲ್ಲಿ ಸೊಕ್ಕು ಬೇಕು. ಈಗ ಗಾಡಿ ಹತ್ತಿರದವರೆಗೂ ಹೋಗುತ್ತದೆ, ಆಮೇಲೆ ಸ್ವಲ್ಪ ನಡಿಗೆ, ಸ್ವಲ್ಪ ಮೆಟ್ಟಿಲು. ಶಿರಸಿಯಿಂದ 40 ಕಿ.ಮೀ.

ಮರಗಳ ಸಂದಿಯಲ್ಲಿ ಒಮ್ಮೆಲೇ ಕಪ್ಪು ಗೋಡೆ ಎದ್ದು ನಿಲ್ಲುತ್ತದೆ. ಭೈರವೇಶ್ವರ ಶಿಖರ 120 ಮೀಟರ್, ಪಕ್ಕದ ಮೋಹಿನಿ ಶಿಖರ 90 ಮೀಟರ್. ಸುಣ್ಣದ ಕಲ್ಲು, ಆದರೆ ಇದ್ದಿಲಿನ ಹಾಗೆ ಕಪ್ಪು. ಬಂಡೆಯ ಬುಡದ ಗುಹೆಯಲ್ಲಿ ಲಿಂಗ, ಅದರ ಮೇಲೆ ಕಲ್ಲಿನಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಚಪ್ಪಲಿ ಬಿಟ್ಟು ಬಂಡೆಯ ಸೀಳಿನೊಳಗೆ ಹೊಕ್ಕು ಒಂದು ಸುತ್ತು ಬರಬಹುದು. ಒಳಗೆ ತಂಪು, ಬಾವಲಿ ವಾಸನೆ, ತಲೆ ಎತ್ತಿದರೆ ಮೇಲೆ ಒಂದು ಗೀಟಿನಷ್ಟು ಆಕಾಶ. ಬಂಡೆಗೆ ಹೆಜ್ಜೇನು ಕಟ್ಟಿರುತ್ತದೆ. ಕೂಗುವುದು, ಸಿಳ್ಳೆ, ಸಿಗರೇಟು, ಡ್ರೋನು ಯಾವುದೂ ಬೇಡ, ದಯವಿಟ್ಟು. ಶಿವರಾತ್ರಿ ಜಾತ್ರೆ ಹೊತ್ತಿಗೆ ಕಾಲಿಡಲು ಜಾಗ ಇರುವುದಿಲ್ಲ.

ಇನ್ನೂ ಹೊತ್ತಿದ್ದರೆ ಅದೇ ದಾರಿಯಲ್ಲಿ ವಿಭೂತಿ ಜಲಪಾತ ಇದೆ, ದಾರಿಯಲ್ಲೇ ಮಂಜುಗುಣಿಯ ವೆಂಕಟರಮಣ ದೇವಸ್ಥಾನವೂ ಸಿಗುತ್ತದೆ. ಇಲ್ಲಿನವರು ಅದನ್ನು ಚಿಕ್ಕ ತಿರುಪತಿ ಅನ್ನುತ್ತಾರೆ.

ಜೋಗಾನಾ ಉಂಚಳ್ಳಿನಾ? ಒಂದೇ ಆರಿಸಬೇಕು ಅಂದ್ರೆ?

ಇಬ್ಬರಿಗೆ ಇಬ್ಬಗೆ ಉತ್ತರ. ಜೋಗ ನೋಡದೇ ಇದ್ದವರು ಜೋಗಕ್ಕೇ ಹೋಗಿ, ಇಲ್ಲದಿದ್ದರೆ ಊರಿಗೆ ಹೋದ ಮೇಲೆ ಎಲ್ಲರೂ ಅದನ್ನೇ ಕೇಳುತ್ತಾರೆ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಬೀಳುವುದು 253 ಮೀಟರ್ ಆಳಕ್ಕೆ. ಆದರೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಶರಾವತಿಯ ನೀರು ಮೊದಲು ಕರೆಂಟಿಗೆ, ಆಮೇಲೆ ನಮ್ಮ ಕಣ್ಣಿಗೆ. ಒಳ್ಳೆ ಮಳೆಯ ಜುಲೈ, ಆಗಸ್ಟ್, ಸೆಪ್ಟೆಂಬರ್ ಬಿಟ್ಟರೆ ಅದರ ಆರ್ಭಟ ಕಾಣಸಿಗುವುದು ಕಷ್ಟ. ಕಾಮಗಾರಿ ಅಂತ ಪ್ರವೇಶ ಮುಚ್ಚಿದ್ದೂ ಉಂಟು, ಹೊರಡುವ ಮುಂಚೆ ಡ್ರೈವರ್ ಹತ್ತಿರ ಕೇಳಿಕೊಳ್ಳಿ.

ಜೋಗ ಒಮ್ಮೆ ನೋಡಿದವರಿಗೆ ನನ್ನ ಓಟು ಉಂಚಳ್ಳಿಗೆ. ಶಿರಸಿಯಿಂದ 35 ಕಿ.ಮೀ., ಸಿದ್ದಾಪುರ ತಾಲೂಕಿನ ಹೆಗ್ಗರಣೆ ಹತ್ತಿರ. ಅಘನಾಶಿನಿಗೆ ಅಣೆಕಟ್ಟು ಕಟ್ಟಿಲ್ಲ, ನೀರು ತನ್ನ ಪಾಡಿಗೆ ತಾನು 116 ಮೀಟರ್ ಬೀಳುತ್ತದೆ. ಸದ್ದಿಗೆ ಕಿವಿ ಕೇಳದ ಹಾಗಾಗುತ್ತದೆ ಅಂತ ಇದಕ್ಕೆ ಕೆಪ್ಪ ಜೋಗ ಅಂತಲೇ ಹೆಸರು. 1845ರಲ್ಲಿ ನೋಡಿದ ಬ್ರಿಟಿಷ್ ಅಧಿಕಾರಿಯ ಹೆಸರಿನಲ್ಲಿ ಲುಷಿಂಗ್ಟನ್ ಫಾಲ್ಸ್ ಅಂತಲೂ ಕರೆಯುತ್ತಾರೆ. ಮೆಟ್ಟಿಲು ಇಳಿಯುವಾಗ ಹಾಡು ಹೇಳುತ್ತಾ ಇಳಿಯುತ್ತೀರಿ, ಹತ್ತುವಾಗ ಮದುವೆ ಊಟದಲ್ಲಿ ತಿಂದ ಒಂದೊಂದು ಜಿಲೇಬಿಯೂ ನೆನಪಾಗುತ್ತದೆ. ಕತ್ತಲಾಗುವ ಮುಂಚೆ ಮೇಲೆ ಬಂದಿರಬೇಕು.

## ಸ್ವಲ್ಪ ಒಳಗಿನ ವಿಷಯ

ಗೂಗಲ್ ಮ್ಯಾಪ್ ಹಾಕ್ಕೊಂಡು ನಾವೇ ಹೋದ್ರೆ ಸಾಕಲ್ವಾ?

ಮುಖ್ಯ ರಸ್ತೆವರೆಗೆ ಸಾಕು. ಆಮೇಲೆ ಮ್ಯಾಪಿಗೆ ಡಾಂಬರು ರಸ್ತೆಗೂ ಸೊಪ್ಪಿನ ಬೆಟ್ಟದ ಗಾಡಿ ದಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ. ನನ್ನ ಭಾವನ ಸ್ನೇಹಿತರೊಬ್ಬರು ಹತ್ತಿರದ ದಾರಿ ಅಂತ ಹೋಗಿ ಯಾರದೋ ಕೊಟ್ಟಿಗೆ ಮುಂದೆ ಕಾರು ನಿಲ್ಲಿಸಿದರು. ಹಿಂದಕ್ಕೆ ತಿರುಗಿಸಲು ಜಾಗ ಇಲ್ಲ, ನೆಟ್‌ವರ್ಕ್ ಇಲ್ಲ. ಆ ಮನೆಯವರು ಮೊದಲು ಆಸರಿಗೆ, ಅಂದರೆ ಕುಡಿಯಲು ಏನಾದರೂ, ಕೊಟ್ಟು, ಆಮೇಲೆ ನಾಲ್ಕು ಜನ ಸೇರಿ ಕಾರು ಹೊರಗೆ ತಂದರು. ಮ್ಯಾಪ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಕವಲು ಬಂದಲ್ಲಿ ಕಾರು ನಿಲ್ಲಿಸಿ ಬಾಯಿಬಿಟ್ಟು ಕೇಳಿ. ಪೆಟ್ರೋಲ್ ಶಿರಸಿಯಲ್ಲೇ ತುಂಬಿಸಿ.

ಜಿಗಣೆ, ಮಂಗನ ಕಾಯಿಲೆ ಅಂತೆಲ್ಲ ಹೇಳ್ತಾರೆ. ಹೆದರಬೇಕಾ?

ಜಿಗಣೆಗೆ ಇಲ್ಲಿ ಉಂಬಳ ಅನ್ನುತ್ತೇವೆ. ಮಳೆಗಾಲದಲ್ಲಿ ಇರುತ್ತದೆ, ಕಚ್ಚಿದರೆ ಉಪ್ಪು ಇಲ್ಲವೇ ಸುಣ್ಣ ಮುಟ್ಟಿಸಿ, ಬಿದ್ದುಹೋಗುತ್ತದೆ. ರಕ್ತ ಸ್ವಲ್ಪ ಹೊತ್ತು ಸೋರುತ್ತದೆ, ಅದಕ್ಕೆ ಕಿರುಚಬೇಕಾಗಿಲ್ಲ.

ಮಂಗನ ಕಾಯಿಲೆ ತಮಾಷೆಯಲ್ಲ. ಉಣ್ಣೆ ಹುಳ ಕಚ್ಚುವುದರಿಂದ ಬರುವ ಜ್ವರ ಇದು, ಡಿಸೆಂಬರ್‌ನಿಂದ ಮೇವರೆಗೆ ಜಾಸ್ತಿ, ಸಿದ್ದಾಪುರ ಕಡೆ ಜನ ಸತ್ತದ್ದೂ ಇದೆ. ನೋಡುವ ಜಾಗದ ದಾರಿ, ಮೆಟ್ಟಿಲು ಬಿಟ್ಟು ಕಾಡಿನೊಳಗೆ ನುಗ್ಗಬೇಡಿ. ಒಣಗಿದ ಎಲೆ ಮೇಲೆ ಚಾದರ ಹಾಸಿ ಮಲಗಬೇಡಿ. ಮೈತುಂಬ ಬಟ್ಟೆ ಹಾಕಿ, ವಾಪಸ್ ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ. ಊರಿಗೆ ಹೋದ ಮೇಲೆ ಒಂದೆರಡು ವಾರದೊಳಗೆ ಜೋರು ಜ್ವರ ಬಂದರೆ ಮಲೆನಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳಿ.

ಊರಿಗೆ ಏನು ತಗೊಂಡು ಹೋಗಲಿ? ಎಲ್ಲಿ ಸಿಗುತ್ತೆ?

ಪೇಟೆಯಲ್ಲಿ ಸಹಕಾರಿ ಸಂಘದ ಸೂಪರ್ ಮಾರ್ಕೆಟ್ ಇದೆ. ಟಿಎಸ್ಎಸ್ ಅಂದರೆ ಯಾವ ಆಟೋದವರಾದರೂ ಕರೆದುಕೊಂಡು ಹೋಗುತ್ತಾರೆ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೇನುತುಪ್ಪ, ಕಾಳುಮೆಣಸು, ಏಲಕ್ಕಿ ಎಲ್ಲ ಒಂದೇ ಕಡೆ ಸಿಗುತ್ತದೆ.

ತೊಡೆದೇವು ಅನ್ನುವ ಸಿಹಿ ತಿಂಡಿಯನ್ನು ಮಾತ್ರ ಮಾಡುವುದನ್ನು ನೋಡಿ ತೆಗೆದುಕೊಳ್ಳಿ, ಅವಕಾಶ ಸಿಕ್ಕರೆ. ಒಲೆ ಮೇಲೆ ಮಡಿಕೆ ಬೋರಲು ಹಾಕಿರುತ್ತಾರೆ. ಕಬ್ಬಿನ ಹಾಲಿನಲ್ಲಿ ಕಲೆಸಿದ ಅಕ್ಕಿ ಹಿಟ್ಟಿಗೆ ಬಟ್ಟೆ ಅದ್ದಿ, ಮಡಿಕೆ ಮೇಲೆ ಒಂದು ಸಲ ಎಳೆದರೆ ಆಯಿತು. ಚರ್ ಅನ್ನುವಷ್ಟರಲ್ಲಿ ಕಾಗದದಷ್ಟು ತೆಳ್ಳಗಿನ ಹಾಳೆ ಎದ್ದು ಬರುತ್ತದೆ, ಬಿಸಿ ಇದ್ದಾಗಲೇ ಮಡಚಬೇಕು, ಎರಡು ಕ್ಷಣ ತಡವಾದರೆ ಪುಡಿ. ಪ್ಯಾಕೆಟ್ಟನ್ನು ಬ್ಯಾಗಿನ ಮೇಲ್ಗಡೆ ಇಡಿ.

ಜೋನಿ ಬೆಲ್ಲ, ಅಂದರೆ ನೀರು ಬೆಲ್ಲ, ತೆಗೆದುಕೊಂಡರೆ ಮುಚ್ಚಳ ಬಿಗಿ ಇದೆಯಾ ಅಂತ ಎರಡು ಸಲ ನೋಡಿ, ಬಾಟಲಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ. ನಮ್ಮ ಚಿಕ್ಕಮ್ಮನ ಮದುವೆ ಸೀರೆ ಮೇಲೆ ರಾತ್ರಿ ಬಸ್ಸಿನಲ್ಲಿ ಬೆಲ್ಲ ಚೆಲ್ಲಿ, ಬೆಂಗಳೂರು ಮುಟ್ಟುವ ಹೊತ್ತಿಗೆ ಇರುವೆಯೂ ಜೊತೆಗೆ ಪ್ರಯಾಣ ಮಾಡಿತ್ತು. ವಿಮಾನದವರು ಇದನ್ನು ಕೈಚೀಲದಲ್ಲಿ ಬಿಡದೇ ಇರಬಹುದು, ದೊಡ್ಡ ಬ್ಯಾಗಿಗೆ ಹಾಕಿ.

ಕೊನೇ ದಿನ ಗೋಕರ್ಣ ನೋಡ್ಕೊಂಡು ಅಲ್ಲಿಂದಲೇ ವಾಪಸ್ ಹೋಗಬಹುದಾ?

ಹೋಗಬಹುದು, ನನ್ನ ಪ್ರಕಾರ ಗೋಕರ್ಣ ನೋಡಲು ಅದೇ ಸರಿಯಾದ ದಾರಿ. ಶಿರಸಿಗೆ ವಾಪಸ್ ಬರುವ ಗೋಜೇ ಇಲ್ಲ. ಬೆಳಿಗ್ಗೆ ತಿಂಡಿ ತಿಂದು ಲಗೇಜು ಸಮೇತ ಹೊರಡಿ, ದೇವಿಮನೆ ಘಟ್ಟ ಇಳಿದು ಕುಮಟಾ. ಈ ರಸ್ತೆಯಲ್ಲಿ ಅಗಲ ಮಾಡುವ ಕೆಲಸ ವರ್ಷಗಟ್ಟಲೆ ನಡೆದಿದೆ, ಮಳೆಗಾಲದಲ್ಲಿ ಗುಡ್ಡ ಜರಿಯುವುದೂ ಉಂಟು. ರಸ್ತೆ ತೆರೆದಿದೆಯಾ ಅಂತ ಹಿಂದಿನ ದಿನವೇ ಕೇಳಿ. ಕುಮಟಾದಿಂದ ಗೋಕರ್ಣಕ್ಕೆ ಹೋಗುವ ದಾರಿಯಲ್ಲಿ ಮಿರ್ಜಾನ್ ಕೋಟೆ ಇದೆ, ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಕೋಟೆ. ಒಂದು ತಾಸು ಸಾಕು, ಆದರೆ ಮಧ್ಯಾಹ್ನದ ಬಿಸಿಲಿಗೆ ಸಿಕ್ಕಿಕೊಳ್ಳಬೇಡಿ, ನೆರಳು ಕಡಿಮೆ. ಘಟ್ಟ ಇಳಿಯುತ್ತಿದ್ದ ಹಾಗೇ ಸೆಕೆ ಶುರುವಾಗುತ್ತದೆ, ಮದುವೆ ಕೋಟು ಹಾಕಿಕೊಂಡೇ ಹತ್ತಬೇಡಿ.

ಸಂಜೆ ಅಲ್ಲಿಂದ ಕೊಂಕಣ ರೈಲು ಹಿಡಿಯಬಹುದು, ಇಲ್ಲವೇ ಗೋಕರ್ಣದಿಂದ ಬೆಂಗಳೂರಿನ ರಾತ್ರಿ ಬಸ್ಸು. ಶನಿವಾರ, ಭಾನುವಾರ ಆದರೆ ಟಿಕೆಟ್ಟನ್ನು ಮದುವೆ ಕರೆಯೋಲೆ ಕೈಗೆ ಬಂದ ದಿನವೇ ಮಾಡಿಸಿ.